ಮೂರು ಹೂವು, ಮೂರು ಹೆಸರು: ಪುಸ್ತಕದಾಗ ನಮ್ಮ ಹೆಸರು ಎಲ್ಲದ?

1/6
ಸುರಪುರ ಅಂದ್ರೆ ನಾಯಕರ ಅರಮನೆ, ಟೇಲರ್ ಮಂಜಿಲ್. ಶಹಾಪುರ ಅಂದ್ರೆ ಮಲಗಿದ ಬುದ್ಧನ ಗುಡ್ಡ. ಯಾದಗಿರಿ ಅಂದ್ರೆ ಕೋಟೆ. ಕಲ್ಲಿನ ಇತಿಹಾಸ ನಮಗೆಲ್ಲ ಗೊತ್ತು. ಹೂವಿಗೂ ಇತಿಹಾಸ ಅದ, ಅದು ಹೆಸರಿನಾಗೇ ಅಡಗ್ಯದ. ಸಸ್ಯಶಾಸ್ತ್ರದ ಹೆಸರಿಗೆ ಎರಡು ಪದ. ಇಲ್ಲಿನ ಮೂರೂ ಗಿಡಗಳಲ್ಲಿ ಮೊದಲ ಪದ ಇತಿಹಾಸ ಹೇಳುತ್ತದೆ, ಎರಡನೆಯದು ಗುರುತು ಹಿಡಿಯೋದನ್ನ ಕಲಿಸುತ್ತದೆ.

2/6
ಮುತ್ತುಗ: ಬ್ಯೂಟಿಯಾ ಮೊನೊಸ್ಪರ್ಮಾ
ಹೋಳಿ ಹೊತ್ತಿಗೆ ಎಲೆ ಉದುರಿಸಿ, ಕೆಂಡದಂಥ ಹೂ ಬಿಡೋ ಮರ. ಪತ್ರಾವಳಿ ಹಚ್ಚೋದು ಇದರ ಎಲೆಯಿಂದಲೇ. 'ಬ್ಯೂಟಿಯಾ' ಬಂದದ್ದು ಬ್ಯೂಟ್‌ನ ಅರ್ಲ್ ಜಾನ್ ಸ್ಟುವರ್ಟ್ ಹೆಸರಿನಿಂದ. 1762–63ರಲ್ಲಿ ಬ್ರಿಟನ್ನಿನ ಪ್ರಧಾನಿ, ಗಿಡಗಳ ಹುಚ್ಚಿನ ದೊರೆ. 'ಮೊನೊಸ್ಪರ್ಮಾ' ಅಂದ್ರೆ ಒಂದೇ ಬೀಜ. ಚಪ್ಪಟೆ ಕಾಯಿ ಬಿಡಿಸಿ ನೋಡ್ರಿ, ತುದಿಯಲ್ಲಿ ಒಂದೇ ಬೀಜ ಇರುತ್ತದೆ.

3/6
ತಂಗಡಿ: ಸೆನ್ನಾ ಆರಿಕ್ಯುಲೇಟಾ
ರಸ್ತೆ ಬದಿಯ ಹಳದಿ ಹೂವು. ಕೆಲವು ಕಡೆ ಆವರಿಕೆ ಅಂತಾರೆ. ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಪಕ್ಕದ ತೆಲಂಗಾಣದಾಗ ಇದೇ ರಾಜ್ಯದ ಹೂವು, ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು. 'ಸೆನ್ನಾ' ಅರಬ್ಬಿಯ 'ಸನಾ'ದಿಂದ ಬಂದ ಪದ. 'ಆರಿಕ್ಯುಲೇಟಾ' ಅಂದ್ರೆ ಕಿವಿ ಇರುವುದು. ಎಲೆತೊಟ್ಟಿನ ಬುಡದಾಗ ಕಿವಿಯಂಥ ಎರಡು ಪುಟ್ಟ ಎಲೆ ಹುಡುಕ್ರಿ. ಕಂಡರೆ ಅದು ತಂಗಡಿ.

4/6
ಬದನಿಕೆ: ವ್ಯಾಂಡಾ ಟೆಸೆಲೇಟಾ
ಆರ್ಕಿಡ್ ಅಂದ್ರೆ ಮಲೆನಾಡೇ ಅನ್ನಬೇಡ್ರಿ. ಒಣ ನಾಡಿನಾಗೂ ಬಾಳೋ ಆರ್ಕಿಡ್ ಇದು. ಬೇಸಿಗೆ ಕೊನೆಗೆ, ಮಳೆ ಶುರುವಾದಾಗ ಹಳೇ ಮಾವು, ಬೇವಿನ ಕೊಂಬೆ ಕಡೆ ಕಣ್ಣಿಡ್ರಿ. 'ವ್ಯಾಂಡಾ' ಸಂಸ್ಕೃತದ 'ವಂದಾ' ಪದ, ಅದನ್ನು ಸಸ್ಯಶಾಸ್ತ್ರಕ್ಕೆ ತಂದವರು ವಿಲಿಯಂ ಜೋನ್ಸ್. 'ಟೆಸೆಲೇಟಾ' ಅಂದ್ರೆ ಚೌಕುಳಿ: ಹೂವಿನ ಎಸಳ ಮೇಲೆ ಕಂದು ಗೆರೆಗಳ ಚೌಕುಳಿ ಇರುತ್ತದೆ. ಮರದ ರಸ ಹೀರೋ ಗಿಡಕ್ಕೂ ಬದನಿಕೆ ಅಂತಾರೆ. ಇದು ಹೀರಲ್ಲ, ದಪ್ಪ ಬಿಳಿ ಬೇರಿನಿಂದ ಮರ ಹಿಡಿದು ಕೂತಿರುತ್ತದೆ ಅಷ್ಟೇ.

5/6
ಮುತ್ತುಗ, ವ್ಯಾಂಡಾ ಎರಡರ ಚಿತ್ರವೂ 1795ರಲ್ಲಿ ಲಂಡನ್ನಿನಲ್ಲಿ ಬಂದ ವಿಲಿಯಂ ರಾಕ್ಸ್‌ಬರ್ಗ್ ಪುಸ್ತಕದಲ್ಲಿವೆ. ಅದು ಕೋರಮಂಡಲ ಕರಾವಳಿಯ ಗಿಡಗಳ ಪುಸ್ತಕ. ಜನರ ಬಾಯಲ್ಲಿದ್ದ ತೆಲುಗು ಹೆಸರುಗಳನ್ನೂ ಆತ ಬರೆದುಕೊಂಡ, ಹಂಗಾಗಿ ಅವು ಉಳಿದವು. ಆದರೆ ಹೆಸರು ಹೇಳಿಕೊಟ್ಟವರು ಯಾರು, ಚಿತ್ರ ಬರೆದ ನಮ್ಮ ದೇಶದ ಕಲಾವಿದರು ಯಾರು? ಪುಸ್ತಕದಲ್ಲಿ ಇಲ್ಲ.
ನಮ್ಮ ಕಡೆಯ ಗಿಡಗಳ ಪಟ್ಟಿ 2000ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರ 'ಫ್ಲೋರಾ ಆಫ್ ಗುಲಬರ್ಗಾ ಡಿಸ್ಟ್ರಿಕ್ಟ್'ನಲ್ಲಿ ಬಂತು. ಆಗ ಯಾದಗಿರಿ ಇನ್ನೂ ಅದೇ ಜಿಲ್ಲೆಯಲ್ಲಿತ್ತು.

6/6
ದೊರೆಯ ಹೆಸರು, ಅರಬ್ಬಿ, ಸಂಸ್ಕೃತ ಮೂರೂ ಉಳಿದವು. ಆದರೆ ಫೋನಿನ ಆ್ಯಪ್‌ಗೆ ತಂಗಡಿ ಅನ್ನೋ ಪದ ಎಷ್ಟು ದಿನ ನೆನಪಿರುತ್ತದೆ? ನಾವು ಬರೆದಿಟ್ಟಷ್ಟು ದಿನ. ಹೂ ಕೀಳಬೇಡ್ರಿ. ಹೂವು, ಎಲೆ, ಕಾಯಿ, ಗಿಡ ಹೀಗೆ ನಾಲ್ಕು ಫೋಟೋ ತೆಗೀರಿ. ತಾರೀಖು, ಊರು ಬರೀರಿ. ಆಮೇಲೆ ಅಜ್ಜಿನೋ ಕುರಿ ಕಾಯೋ ಕಾಕಾನೋ ಸಿಕ್ಕರೆ ಏನಂತಾರೆ ಕೇಳ್ರಿ. ಒಪ್ಪಿದರೆ ಹೆಸರು ಹೇಳಿಕೊಟ್ಟವರ ಹೆಸರನ್ನೂ ಬರೀರಿ. 1795ರಲ್ಲಿ ಬಿಟ್ಟುಹೋದದ್ದು ಅದೇ.

ನಿಮ್ಮೂರಿನಾಗ ಈ ಮೂರಕ್ಕೆ ಏನಂತಾರೆ?

#ಯಾದಗಿರಿ #ಶಹಾಪುರ #ಸುರಪುರ #ಕಾಡುಹೂವು