ಬೆವರಿನ ಲೆಕ್ಕ

ಸಾಣಾಪುರದ ಕೆರೆಯ ಕಡೆಗೆ ನಾನು ಬೆಳಿಗ್ಗೆ ನಡೆಯಲು ಹೋಗತೊಡಗಿದ್ದು ನಿಸರ್ಗದ ಚೆಲುವಿಗೆ ಮಾರುಹೋಗಿ ಅಲ್ಲ, ವೈದ್ಯರ ಮಾತಿಗೆ ಹೆದರಿ. ತೂಕ 80 ಕಿಲೋ ಮುಟ್ಟಿತ್ತು, ರಕ್ತದಲ್ಲಿ ಸಕ್ಕರೆ ಇಣುಕಿ ನೋಡಿತ್ತು. ಹಬ್ಬಕ್ಕೆ ಊರಿಗೆ ಬಂದ ಮಗ ಕೈಗಡಿಯಾರದಂಥ ಒಂದು ಯಂತ್ರವನ್ನು ನನ್ನ ಮಣಿಕಟ್ಟಿಗೆ ಕಟ್ಟಿ, "ಅಪ್ಪಾ, ಎಷ್ಟು ಕ್ಯಾಲೊರಿ ಸುಟ್ಟಿತು ಅನ್ನೋದನ್ನ ಇದೇ ಹೇಳತೈತಿ" ಎಂದು ಹೇಳಿ ಹೋದ. ಅಂದಿನಿಂದ ನನ್ನ ಕಣ್ಣು ಬಂಡೆಗುಡ್ಡಗಳ ಮೇಲೂ ಇಲ್ಲ, ನೀರಿನ ಮೇಲೂ ಇಲ್ಲ. ಮಣಿಕಟ್ಟಿನ ಮೇಲೆಯೇ.

ಒಂದು ದಿನ ಗದ್ದೆಗೆ ಹೊರಟಿದ್ದ ನಾಲ್ಕೈದು ಹೆಣ್ಣುಮಕ್ಕಳು ಎದುರಾದರು. ಎಲ್ಲರ ಕೈಯಲ್ಲೂ ಬುತ್ತಿಗಂಟು. ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು:

"ಏನ್ರಿ ಸರ, ದಿನಾ ಕೈ ನೋಡಿಕೋತ ನಡೀತೀರಿ, ಯಾರರ ಬರೋರದಾರೇನು?"

"ಇಲ್ಲವ್ವ, ನಡೆದದ್ದಕ್ಕ ಮೈಯಾಗಿನ ಶಕ್ತಿ ಎಷ್ಟು ಖರ್ಚಾತು ಅಂತ ಇದು ಲೆಕ್ಕ ಹೇಳತೈತಿ."

"ಹೌದ್ರಿ? ಹಂಗಾರ ನೆಲ್ಲು ಹಚ್ಚೋರ ಕೈಗೆ ಕಟ್ಟಿದ್ರ ಎಷ್ಟು ಹೇಳತೈತ್ರಿ?"

ಎಲ್ಲರೂ ನಕ್ಕು ಗದ್ದೆಗೆ ಇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವನು ನಾನು. ಉತ್ತರ ಸಿಗದಿದ್ದಾಗ ಹಿಂದಕ್ಕೆ ಹೋಗುವುದೊಂದೇ ನನಗೆ ಗೊತ್ತಿರುವ ದಾರಿ.

ದೇಹದ ದುಡಿಮೆಗೆ ಎಷ್ಟು ಅನ್ನ ಬೇಕು ಎಂಬ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಇಲ್ಲಿಂದ ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆಯ ಸೀಮೆ. ಆಗ ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ನಾವಿರುವ ಈ ದಂಡೆ ನಿಜಾಮರದು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ತೀರ ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಸಿದವರಿಗೆ ಸರಕಾರ ಪರಿಹಾರದ ಕಾಮಗಾರಿ ತೆರೆಯಿತು: ಮಣ್ಣು ಅಗಿ, ಕಲ್ಲು ಒಡೆ, ಕೂಲಿ ಪಡೆ. ಖರ್ಚು ಏರಿದ್ದನ್ನು ಕಂಡು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು 1877ರ ಜನವರಿಯಲ್ಲಿ ಮದ್ರಾಸಿಗೆ ಕಳಿಸಲಾಯಿತು. ಮೂರು ವರ್ಷದ ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಬೈಸಿಕೊಂಡಿದ್ದ ಮನುಷ್ಯ ಆತ. ಈ ಸಲ ಕೈ ಬಿಗಿಹಿಡಿದ. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಅರ್ಧ ಆಣೆ ಸಾಕು ಎಂದು ಗೊತ್ತುಮಾಡಿದ. ಇತಿಹಾಸದಲ್ಲಿ ಇದಕ್ಕೆ 'ಟೆಂಪಲ್ ಕೂಲಿ' ಎಂದೇ ಹೆಸರು.

ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಇದನ್ನು ಒಪ್ಪಲಿಲ್ಲ. ಕೆಲಸ ಮಾಡುವ ದೇಹ ಇಷ್ಟರಲ್ಲಿ ಉಳಿಯದು, ಧಾನ್ಯವನ್ನೂ ಹೆಚ್ಚಿಸಬೇಕು, ಜೊತೆಗೆ ಬೇಳೆಯಂಥದ್ದೂ ಬೇಕು ಎಂದು ಬರೆದು ಬರೆದು ವಾದಿಸಿದರು. ಕೆಲವು ತಿಂಗಳಲ್ಲೇ ಮದ್ರಾಸ್ ಸರಕಾರ ಆ ಕೂಲಿಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಜನ ಅದರ ಮೇಲೆಯೇ ಮಣ್ಣು ಹೊತ್ತಿದ್ದರು.

ಇವರಿಬ್ಬರ ಜಗಳವನ್ನು ತೂಗಿ ನೋಡುವ ತಕ್ಕಡಿ ಆಗ ಇನ್ನೂ ತಯಾರಾಗಿರಲಿಲ್ಲ. ಅದನ್ನು ಕಟ್ಟಿದವರಲ್ಲಿ ಮುಖ್ಯನಾದವನು ಅಮೆರಿಕದ ವಿಲ್ಬರ್ ಅಟ್‌ವಾಟರ್. 1890ರ ದಶಕದಲ್ಲಿ ಆತ ಒಂದು ಪುಟ್ಟ ಕೋಣೆಯನ್ನು ಸಿದ್ಧಮಾಡಿ, ಅದರೊಳಗೆ ಮನುಷ್ಯನನ್ನು ದಿನಗಟ್ಟಲೆ ಇರಿಸಿದ. ಒಳಗಿದ್ದವನು ಉಣ್ಣುತ್ತಿದ್ದ, ಮಲಗುತ್ತಿದ್ದ, ನಿಂತಲ್ಲೇ ನಿಂತ ಸೈಕಲ್ ತುಳಿಯುತ್ತಿದ್ದ. ಮೈಯಿಂದ ಹೊರಟ ಶಾಖವನ್ನು ಕೊಳವೆಯಲ್ಲಿ ಹರಿಯುವ ನೀರು ಹೊತ್ತೊಯ್ಯುತ್ತಿತ್ತು, ಹೊರಗಿದ್ದವರು ಅದನ್ನು ಅಳೆಯುತ್ತಿದ್ದರು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡುವ ಶಾಖವೇ ನಾವು ಊಟದ ಮಾತಿನಲ್ಲಿ ಹೇಳುವ ಕ್ಯಾಲೊರಿ. ಒಂದು ಗ್ರಾಂ ಹಿಟ್ಟಿನಂಶಕ್ಕೆ ನಾಲ್ಕು, ಪ್ರೋಟೀನಿಗೆ ನಾಲ್ಕು, ಎಣ್ಣೆ-ತುಪ್ಪಕ್ಕೆ ಒಂಬತ್ತು ಎಂಬ ಲೆಕ್ಕ ಬಂದದ್ದೂ ಅಟ್‌ವಾಟರನ ಕೆಲಸದಿಂದಲೇ. ನಮ್ಮ ದೇಶದಲ್ಲಿ ಕೂನೂರಿನ ಪ್ರಯೋಗಶಾಲೆಯಲ್ಲಿದ್ದ ಡಾ. ಆಯ್ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪಟ್ಟಿಯನ್ನು ಹೊರತಂದರು. ಆ ಸಂಸ್ಥೆಯೇ ಮುಂದೆ ಹೈದರಾಬಾದಿಗೆ ಹೋಯಿತು. ಅಲ್ಲಿಂದ ಬಂದ ಪಟ್ಟಿಯಲ್ಲಿ ನೂರು ಗ್ರಾಂ ಜೋಳಕ್ಕೆ 349 ಕ್ಯಾಲೊರಿ.

ಈಗ ಟೆಂಪಲ್ ಸಾಹೇಬರ ಪೌಂಡನ್ನು ತಕ್ಕಡಿಗೆ ಹಾಕೋಣ. ಒಂದು ಪೌಂಡ್ ಎಂದರೆ 454 ಗ್ರಾಂ. ಅಷ್ಟು ಜೋಳಕ್ಕೆ ಸುಮಾರು 1580 ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ, ಕುಳಿತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಬೇಕು. ಕಷ್ಟದ ಮೈಕೆಲಸ ಮಾಡುವ ಗಂಡಸಿಗೆ 3470. ಆ ಕಾಲದವರು ಮೈಯಲ್ಲಿ ಸಣ್ಣಗಿದ್ದರು ಎಂದು ಸಾಕಷ್ಟು ಕಡಿತ ಮಾಡಿದರೂ, ಅರ್ಧ ಆಣೆಯ ಬೇಳೆ-ಉಪ್ಪನ್ನು ಸೇರಿಸಿದರೂ, ಈ ಕಂದರ ತುಂಬುವುದಿಲ್ಲ. ಕಲ್ಲು ಒಡೆಯುವವನಿಗೆ ಕುಳಿತವಳ ಊಟ!

ಸ್ವತಂತ್ರ ಭಾರತವೂ ಇದೇ ಅಳತೆಗೋಲನ್ನು ಹಿಡಿಯಿತು, ಉದ್ದೇಶ ಮಾತ್ರ ಬೇರೆ. 1979ರಲ್ಲಿ ಯೋಜನಾ ಆಯೋಗದ ತಜ್ಞರು ಬಡತನದ ಗೆರೆ ಎಳೆಯುವಾಗ ಹಳ್ಳಿಯವನಿಗೆ 2400, ಪೇಟೆಯವನಿಗೆ 2100 ಕ್ಯಾಲೊರಿ ಎಂದು ಹಿಡಿದರು. ಹಳ್ಳಿಯಲ್ಲಿ ಮೈಮುರಿವ ದುಡಿಮೆ ಹೆಚ್ಚೆಂಬುದನ್ನು ಸರಕಾರವೇ ಒಪ್ಪಿಕೊಂಡಂತಾಯಿತು. ಮೂವತ್ತು ವರ್ಷದ ನಂತರ, 2009ರಲ್ಲಿ, ತೆಂಡೂಲ್ಕರ್ ಸಮಿತಿ ಬಡತನದ ಗೆರೆಯನ್ನು ಕ್ಯಾಲೊರಿಗೆ ಕಟ್ಟುವುದನ್ನು ಬಿಟ್ಟಿತು.

ಇಷ್ಟು ತಿಳಿದ ಮೇಲೆ ನನ್ನ ಕೈಯ ಯಂತ್ರವನ್ನು ಸ್ವಲ್ಪ ಅನುಮಾನದಿಂದ ನೋಡಿದೆ. ಒಂದು ಗಂಟೆಯ ನಡಿಗೆಗೆ ಅದು 340 ಎನ್ನುತ್ತಿತ್ತು. ಸುಮ್ಮನೆ ಕುಳಿತ ದೇಹ ಕಿಲೋ ತೂಕಕ್ಕೆ ಗಂಟೆಗೆ ಒಂದು ಕ್ಯಾಲೊರಿ ಸುಡುತ್ತದೆ ಎಂಬುದು ವಾಡಿಕೆಯ ಲೆಕ್ಕ. ಗಂಟೆಗೆ ಐದು ಕಿಲೋಮೀಟರಿನಂತೆ ನಡೆದರೆ ಅದರ ಮೂರೂವರೆ ಪಟ್ಟು. ನನ್ನ 80 ಕಿಲೋಗೆ 280 ಆಯಿತು. ಅದರಲ್ಲಿ 80 ಮನೆಯಲ್ಲಿ ಕುಳಿತಿದ್ದರೂ ಖರ್ಚಾಗುವಂಥದ್ದು. ನಡಿಗೆಯ ನಿಜವಾದ ಗಳಿಕೆ 200. ಅದೂ ಅಂದಾಜೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1980-90ರ ದಶಕಗಳಲ್ಲಿ ಅಳೆದು ನೋಡಿ, ಕುಳಿತ ದೇಹದ ಖರ್ಚನ್ನು ಹೇಳುವ ಪಾಶ್ಚಾತ್ಯ ಸೂತ್ರಗಳು ನಮ್ಮವರಿಗೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ ಎಂದು ಕಂಡುಕೊಂಡರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಮಣಿಕಟ್ಟಿನ ಯಂತ್ರಗಳನ್ನು ಪರೀಕ್ಷಿಸಿದರು. ನಾಡಿಬಡಿತವನ್ನು ಅವು ಚೆನ್ನಾಗಿಯೇ ಹೇಳಿದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಅಂಜನಾದ್ರಿಯ 575 ಮೆಟ್ಟಿಲನ್ನೂ ಬಿಡಲಿಲ್ಲ. ಒಂದೊಂದು ಮೆಟ್ಟಿಲು 17 ಸೆಂಟಿಮೀಟರ್ ಎಂದು ಹಿಡಿದರೆ ಎತ್ತರ ಹತ್ತಿರಹತ್ತಿರ ನೂರು ಮೀಟರು. ನನ್ನ ಭಾರವನ್ನು ಅಷ್ಟು ಮೇಲೆತ್ತಲು ಬೇಕಾದದ್ದು ಬರೀ 18 ಕ್ಯಾಲೊರಿ. ಸ್ನಾಯು ತಾನು ಸುಟ್ಟದ್ದರಲ್ಲಿ ನಾಲ್ಕೈದರಲ್ಲೊಂದು ಪಾಲನ್ನು ಮಾತ್ರ ಕೆಲಸಕ್ಕೆ ಹಾಕಿ ಉಳಿದದ್ದನ್ನು ಶಾಖವಾಗಿ ಚೆಲ್ಲುವುದರಿಂದ, ಒಟ್ಟು ಖರ್ಚು 75ರಿಂದ 90. ಬೆಟ್ಟ ಇಳಿದ ಖುಷಿಗೆ ತಿನ್ನುವ ಒಂದೇ ಒಂದು ಮಿರ್ಚಿ ಹತ್ತು ಗ್ರಾಂ ಎಣ್ಣೆ ಕುಡಿದಿದ್ದರೆ, ಆ ಎಣ್ಣೆಗೇ 90! ಹನುಮಪ್ಪನ ದರ್ಶನದ ಪುಣ್ಯ ಉಳಿಯಿತು, ಹತ್ತಿದ ಫಲ ಹೋಯಿತು. ಯಂತ್ರ "ಸುಟ್ಟಿದ್ದೀಯ" ಎಂದದ್ದನ್ನು ನಂಬಿ ನಾನು ಮಾಡುತ್ತಿದ್ದ ತಪ್ಪು ಇದೇ. ಅದು ತೋರಿಸಿದ ಅಂಕಿಯನ್ನು ಅಂದೇ ಸಂಜೆ ಮಂಡಕ್ಕಿ-ಮಿರ್ಚಿಯಲ್ಲಿ ವಸೂಲಿ ಮಾಡಿಕೊಳ್ಳುತ್ತಿದ್ದೆ. ಮಿರ್ಚಿ ಬಿಟ್ಟೆ, ನಡಿಗೆ ಬಿಡಲಿಲ್ಲ. ಅಂಕಿಯನ್ನು ನೋಡುವ ಬದಲು ತಿಂಗಳಿಗೊಮ್ಮೆ ತಕ್ಕಡಿ ಹತ್ತಿದೆ. ನಾಲ್ಕು ತಿಂಗಳಿಗೆ ಮೂರು ಕಿಲೋ ಇಳಿಯಿತು.

ಕಳೆ ಕೀಳುವ ಹೊತ್ತಿಗೆ ಆ ಹೆಣ್ಣುಮಗಳು ಮತ್ತೆ ಸಿಕ್ಕಳು. ಈ ಸಲ ನನ್ನ ಹತ್ತಿರ ಉತ್ತರವಿತ್ತು. ಕುಳಿತು ಕೆಲಸ ಮಾಡುವವಳಿಗೆ 1660, ಮೈಮುರಿದು ದುಡಿಯುವವಳಿಗೆ 2720. ನಡುವಿನ ಅಂತರ ಒಂದು ಸಾವಿರಕ್ಕೂ ಹೆಚ್ಚು.

"ನೀವು ಒಂದು ದಿನ ಗದ್ದ್ಯಾಗ ದುಡಿಯೋದು ಅಂದ್ರ, ನಾ ಐದು ದಿನ ನಡದಷ್ಟು ಆಗತೈತವ್ವ" ಎಂದೆ.

ಆಕೆ ಬುತ್ತಿಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು. "ಇದನ್ನ ನನಗ್ಯಾಕ ಹೇಳ್ತೀರಿ ಸರ? ಕೂಲಿ ಕೊಡೋರಿಗೆ ಹೇಳ್ರಿ" ಎಂದು ನಡೆದುಹೋದಳು.

ಕಾರ್ನಿಷ್ ಸಾಹೇಬರು ಕಾಗದ ಕಾಗದ ಬರೆದು ಹೇಳಿದ್ದನ್ನು ಆಕೆ ಒಂದೇ ಮಾತಿನಲ್ಲಿ ಹೇಳಿದ್ದಳು. ಯಂತ್ರ ಈಗಲೂ ನನ್ನ ಕೈಯಲ್ಲೇ ಇದೆ. ಹೊತ್ತು ಎಷ್ಟಾಯಿತೆಂದು ಅದು ಬಲು ಸರಿಯಾಗಿ ಹೇಳುತ್ತದೆ.