ಮಂಗ ಮತ್ತು ಶ್ರೀಗಂಧ: ಭೂಮಾಲೀಕರಿಗೆ ಮಾಹಿತಿ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರ ತಿಳಿವಳಿಕೆಗಾಗಿ:

ಮಂಗ (ಮಕಾಕ ರೇಡಿಯಾಟ): ಗೋಕಾಕ ಜಲಪಾತದ ಬಳಿ ಕಾಣಸಿಗುವ ಈ ಪ್ರಾಣಿಯ ನೆಲೆ ದಕ್ಷಿಣ ಭಾರತಕ್ಕೆ ಸೀಮಿತ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ 2022ರಲ್ಲಿ ಆದ ತಿದ್ದುಪಡಿಯಂತೆ ಇದು ಅನುಸೂಚಿ-1ರಲ್ಲಿದೆ. ಜಮೀನಿಗೆ ಬಂದ ಮಾತ್ರಕ್ಕೆ ಭೂಮಾಲೀಕರ ಸ್ವತ್ತಾಗದು. ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಹಿಡಿಯುವುದು, ಕೊಲ್ಲುವುದು ಶಿಕ್ಷಾರ್ಹ.

ಶ್ರೀಗಂಧ (ಸ್ಯಾಂಟಲಮ್ ಆಲ್ಬಮ್): ಸಣ್ಣ ಹೂಗಳನ್ನು ಬಿಡುವ ಅರೆಪರಾವಲಂಬಿ ಮರ, ನೆರೆಯ ಗಿಡಗಳ ಬೇರುಗಳಿಂದ ನೀರು, ಲವಣಾಂಶ ಪಡೆಯುತ್ತದೆ. ಕರ್ನಾಟಕ ಅರಣ್ಯ ಅಧಿನಿಯಮ, 1963ಕ್ಕೆ 2001ರಲ್ಲಿ ಆದ ತಿದ್ದುಪಡಿಯಂತೆ ಖಾಸಗಿ ಜಮೀನಿನಲ್ಲಿರುವ ಮರವು ಭೂಮಾಲೀಕರದೇ. ಆದರೆ ಕಡಿಯಲು ಹಾಗೂ ಸಾಗಿಸಲು ಇಲಾಖೆಯ ಅನುಮತಿ ಕಡ್ಡಾಯ.

ಬೆಳೆಗೆ ಮಂಗಗಳ ಕಾಟವಿದ್ದಲ್ಲಿ ಅಥವಾ ಶ್ರೀಗಂಧ ಕಟಾವು ಮಾಡಬೇಕಿದ್ದಲ್ಲಿ, ಸ್ವತಃ ಕ್ರಮ ಕೈಗೊಳ್ಳುವ ಮುನ್ನ ಆಯಾ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸತಕ್ಕದ್ದು.