ಅರ್ಧ ಭಾರದ ಪೆಟ್ಟಿಗೆ

ಹೈದರಾಬಾದಿನ ಪೂರ್ವದಂಚಿನ ಉಪ್ಪಲ್ ಎಂದರೆ ಇಂದು ಹೆಚ್ಚಿನವರಿಗೆ ಕ್ರಿಕೆಟ್ ಸ್ಟೇಡಿಯಂ ನೆನಪಾಗುತ್ತದೆ. ವಾರಂಗಲ್ ಹೆದ್ದಾರಿ ನಗರ ಬಿಟ್ಟು ಹೊರಡುವ ಈ ಊರಿಗೆ ಇನ್ನೊಂದು ಗುರುತೂ ಇದೆ. ಉಪ್ಪಲ್, ನಾಚಾರಂ, ಮಲ್ಲಾಪುರ, ಚೆರ್ಲಪಲ್ಲಿ ಎಂದು ಒಂದರ ಬೆನ್ನಿಗೊಂದು ಹಬ್ಬಿದ ಕೈಗಾರಿಕಾ ಪ್ರದೇಶಗಳ ಸಾಲು ಅದು. ಯಂತ್ರದ ಬಿಡಿಭಾಗ, ಔಷಧಗಳ ಜೊತೆಗೆ ಪ್ಲಾಸ್ಟಿಕ್ ಸಾಮಾನು ಮಾಡುವ ಸಣ್ಣ ಘಟಕಗಳೂ ಇಲ್ಲಿವೆ. ಪ್ಲಾಸ್ಟಿಕ್ ಕೆಲಸ ಕಲಿಸುವ ಸಿಪೆಟ್ ಚೆರ್ಲಪಲ್ಲಿಯಲ್ಲಿದೆ. 1968ರಲ್ಲಿ ಮದರಾಸಿನಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರಿ ಸಂಸ್ಥೆಗೆ ಮೈಸೂರಿನಲ್ಲೂ ಒಂದು ಶಾಖೆ ಇದೆ.

ಇಂಥ ಕಡೆ ಅಚ್ಚಿನ ವಿನ್ಯಾಸ ಕಲಿಯುವವರ ಮುಂದೆ ಇಡಬಹುದಾದ ಒಂದು ಸಮಸ್ಯೆ ಹೀಗಿದೆ: ತಂಪು ಪಾನೀಯದ ಬಾಟಲಿ ಹೊರುವ ಪ್ಲಾಸ್ಟಿಕ್ ಕ್ರೇಟು ಬೇಕು, ಆದರೆ ಅದು ನಡುವೆ ಬಿಟ್ಟುಕೊಂಡು ಎರಡಾಗಬೇಕು. ಕೇಳಲು ಸುಲಭ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಂಥ ಕ್ರೇಟುಗಳು ಬಳಕೆಯಲ್ಲಿವೆ. ನಮ್ಮಲ್ಲಿ ಅವು ರೂಢಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಕ್ರೇಟಿನ ಚರಿತ್ರೆಯಲ್ಲಿದೆ.

ಆ ಚರಿತ್ರೆ ಗೋಲಿ ಸೋಡಾದಿಂದ ಶುರುವಾಗುತ್ತದೆ. ಲಂಡನ್ನಿನ ಹೈರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಬಾಟಲಿಯ ಕತ್ತಿನಲ್ಲಿ ಗಾಜಿನ ಗೋಲಿಯಿತ್ತು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಮೇಲಕ್ಕೆ ತಳ್ಳಿ ಬಾಯಿ ಮುಚ್ಚುತ್ತಿತ್ತು. ಬಾಟಲಿ ದಪ್ಪ, ಬೆಲೆಯೂ ಹೆಚ್ಚು. ಕುಡಿದವರು ಅದನ್ನು ಅಲ್ಲೇ ಕೊಟ್ಟು ಹೋಗಬೇಕು. ಸೋಡಾ ಕುಡಿದವನದಾದರೂ ಬಾಟಲಿ ಸೋಡಾ ಕಾರ್ಖಾನೆಯದೇ. 1956ರವರೆಗೆ ಬೀದರ್, ಗುಲ್ಬರ್ಗ, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕನ್ನಡಕ್ಕೂ ತೆಲುಗಿಗೂ ಈ ವ್ಯಾಪಾರದ ಮಾತುಗಳು ಇವತ್ತಿಗೂ ಒಂದೇ: ಗೋಲಿ ಸೋಡಾ, ಖಾಲಿ, ಹಮಾಲಿ.

ತುಂಬಿದ ಬಾಟಲಿ ಹೋಗಿ ಖಾಲಿ ಬಾಟಲಿ ಮರಳುವ ಈ ವ್ಯವಸ್ಥೆಗೆ ಪೆಟ್ಟಿಗೆ ಬೇಕೇಬೇಕು. ಮೊದಲು ಬಂದದ್ದು ಮರದ ಪೆಟ್ಟಿಗೆ. ಸಣ್ಣ ಬಾಟಲಿಗಳಿಗೆ 24 ಮನೆಗಳ ಲೆಕ್ಕ ನಿಂತುಬಿಟ್ಟಿತು. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟು ಹೋಯಿತು, ಥಮ್ಸ್ ಅಪ್ ಬಂತು, 1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಥಮ್ಸ್ ಅಪ್ಪನ್ನೇ ಕೊಂಡಿತು. ಹೆಸರುಗಳು ಬದಲಾದರೂ 24ರ ಲೆಕ್ಕ ಬದಲಾಗಲಿಲ್ಲ.

ಮರಕ್ಕೆ ತನ್ನದೇ ತೊಂದರೆಗಳಿದ್ದವು. ಮಳೆಗೆ ಊದುತ್ತದೆ, ಬಿಸಿಲಿಗೆ ಸೀಳುತ್ತದೆ, ಮೊಳೆ ಎದ್ದು ಕೈಗೆ ತಾಗುತ್ತದೆ. ಚೆಲ್ಲಿದ ಸಕ್ಕರೆ ನೀರು ಒಳಗಿಳಿದರೆ ತೊಳೆದರೂ ಹೋಗದು. ಪರಿಹಾರ ಬಂದದ್ದು ಜರ್ಮನಿಯ ಪ್ರಯೋಗಶಾಲೆಯಿಂದ. ಪಾಲಿಥೀನ್ 1933ರಲ್ಲೇ ಇಂಗ್ಲೆಂಡಿನಲ್ಲಿ ಸಿಕ್ಕಿತ್ತು, ಆದರೆ ಅದು ಮೆತ್ತಗಿನ ಬಗೆ. 1953ರಲ್ಲಿ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಗಡುಸಾದ ಪಾಲಿಥೀನ್ ಮಾಡುವ ದಾರಿ ಕಂಡುಹಿಡಿದರು. 1963ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಜೊತೆಗೆ ನೊಬೆಲ್ ಹಂಚಿಕೊಂಡರು. ಎಚ್‌ಡಿಪಿಇ ಎಂದು ಕರೆಯುವುದು ಇದನ್ನೇ. ಮುಂದೆ ಬಾಟಲಿ ಕ್ರೇಟು, ಹಾಲಿನ ಕ್ರೇಟು, ಟೊಮೆಟೊ ಕ್ರೇಟು ಎಲ್ಲವೂ ಇದರಲ್ಲೇ ಬಂದವು.

ಕರಗಿದ ಪ್ಲಾಸ್ಟಿಕನ್ನು ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ತುಂಬಿದರೆ ಕ್ರೇಟು ಒಂದೇ ಏಟಿಗೆ ಹೊರಬರುತ್ತದೆ. ಅಚ್ಚಿಗೆ ಲಕ್ಷಗಟ್ಟಲೆ ಖರ್ಚು, ಒಂದೊಂದು ಕ್ರೇಟಿಗೆ ಅಲ್ಪ ಖರ್ಚು. ಆದ್ದರಿಂದ ಒಮ್ಮೆ ಅಚ್ಚು ಮಾಡಿದ ಕಂಪನಿ ಅದೇ ಆಕಾರಕ್ಕೆ ಬಹುಕಾಲ ಅಂಟಿಕೊಳ್ಳುತ್ತದೆ. ಆ ಆಕಾರವನ್ನು ನಿರ್ಧರಿಸಿದವು ಲಾರಿಯ ಅಗಲ, ಒಂದರ ಮೇಲೊಂದು ಪೇರಿಸುವ ಎತ್ತರ, ಬಾಟಲಿ ತುಂಬುವ ಯಂತ್ರ. ಹೊರುವವನ ಹೆಗಲು ಆ ಪಟ್ಟಿಯಲ್ಲಿ ಕೊನೆಗೆ ಬಂತು.

ತುಂಬಿದ ಬಾಟಲಿಗೆ ಮುಕ್ಕಾಲು ಕಿಲೋ ಎಂದು ಹಿಡಿದರೂ 24ಕ್ಕೆ 18 ಕಿಲೋ, ಕ್ರೇಟಿನ ತೂಕ ಬೇರೆ. ಅಮೆರಿಕದ ನಯೋಶ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲವಿದ್ದಾಗಲೂ ಕೈಯಿಂದ ಎತ್ತುವ ಭಾರ 23 ಕಿಲೋ ದಾಟಬಾರದು. ಬಗ್ಗಿ, ತಿರುಗಿ, ಮತ್ತೆ ಮತ್ತೆ ಎತ್ತುವುದಾದರೆ ಮಿತಿ ಇನ್ನೂ ಇಳಿಯುತ್ತದೆ. ಎರಡು ಕ್ರೇಟು ಒಟ್ಟಿಗೆ ಎತ್ತಿದ ಹಮಾಲ ಆ ಮಿತಿಯನ್ನು ಎಂದೋ ದಾಟಿರುತ್ತಾನೆ.

ಕ್ರೇಟನ್ನು ಎರಡು ಮಾಡುವುದು ಅಸಾಧ್ಯವೇನಲ್ಲ. ಒಂದರ ಅಂಚಿನ ನಾಲಗೆ ಇನ್ನೊಂದರ ಗಾಡಿಯೊಳಗೆ ಜಾರಿ ಕೂರಬೇಕು, ಬಡಗಿಗಳು ಮರಕ್ಕೆ ಮರ ಬೆಸೆಯುವ ಹಾಗೆ. ಎರಡು ಅರ್ಧಗಳೂ ಒಂದೇ ಆಕಾರದವಾಗಿ, ಒಂದನ್ನು ತಿರುಗಿಸಿ ಹಿಡಿದರೆ ಇನ್ನೊಂದಕ್ಕೆ ಕೂಡುವಂತಿದ್ದರೆ ಅಚ್ಚು ಒಂದೇ ಸಾಕು. ಕಷ್ಟ ಬೇರೆ ಕಡೆ ಇದೆ. ಎಚ್‌ಡಿಪಿಇ ತಣಿಯುವಾಗ ನೂರಕ್ಕೆ ಎರಡರಷ್ಟು ಕುಗ್ಗಬಹುದು. 300 ಮಿಲಿಮೀಟರಿಗೆ ಅದು 6 ಮಿಲಿಮೀಟರ್. ಲೆಕ್ಕ ತಪ್ಪಿದರೆ ಕೊಂಡಿ ಒಂದೋ ಅಲುಗಾಡುತ್ತದೆ, ಇಲ್ಲವೇ ಬಿಡುವುದೇ ಇಲ್ಲ. ಗಾಡಿಯಲ್ಲಿ ಮರಳು ಕೂರುತ್ತದೆ. ಮೇಲೆ ಆರೇಳು ಕ್ರೇಟು ಪೇರಿಸಿದಾಗ ಬಿಟ್ಟುಕೊಳ್ಳಬಾರದು, ಬೆವರಿದ ಕೈಗೆ ಮಾತ್ರ ಸಲೀಸಾಗಿ ಬಿಡಬೇಕು.

ಜರ್ಮನಿಯಲ್ಲಿ ಈ ತೊಡಕುಗಳನ್ನು ಬಿಡಿಸುವ ಗರಜು ಹುಟ್ಟಿತು, ಯಾಕೆಂದರೆ ಅಲ್ಲಿ ಗಿರಾಕಿಯೇ ಕ್ರೇಟನ್ನು ಕಾರಿನಲ್ಲಿಟ್ಟು ಮನೆಗೆ ಒಯ್ಯುತ್ತಾನೆ. ಖಾಲಿ ಬಾಟಲಿಗಳನ್ನು ಕ್ರೇಟು ಸಮೇತ ತಂದು ಠೇವಣಿ ವಾಪಸು ಪಡೆಯುತ್ತಾನೆ. ಮೆಟ್ಟಿಲು ಹತ್ತುವ ಮುದುಕರು ಭಾರವೆಂದರೆ ಅದು ಮಾರಾಟಕ್ಕೇ ಹೊಡೆತ. ನಮ್ಮಲ್ಲಿ ಗಿರಾಕಿ ಅಂಗಡಿಯ ಮುಂದೆ ನಿಂತು ಒಂದು ಬಾಟಲಿ ಕುಡಿದು ಹೋದ. ಕ್ರೇಟನ್ನು ಹೊತ್ತವನು ಹಮಾಲ. ಅದನ್ನು ಕೊಳ್ಳುವವನೂ ಅವನಲ್ಲ, ವಿನ್ಯಾಸ ಮಾಡಿಸುವವನೂ ಅವನಲ್ಲ. ಅವನ ಬೆನ್ನುನೋವು ಯಾವ ಕಂಪನಿಯ ಲೆಕ್ಕದಲ್ಲೂ ನಷ್ಟವಾಗಿ ಕಾಣಿಸಲಿಲ್ಲ.

ಅಷ್ಟರಲ್ಲಿ ಪೆಟ್ ಬಾಟಲಿ ಬಂತು. ಡುಪಾಂಟ್ ಕಂಪನಿಯ ನಥಾನಿಯಲ್ ವೈಯತ್ 1973ರಲ್ಲಿ ಪೇಟೆಂಟ್ ಪಡೆದ ಈ ಬಾಟಲಿ ಹಗುರ, ಒಡೆಯದು, ಮರಳಿ ಕೊಡಬೇಕಾಗಿಯೂ ಇಲ್ಲ. ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದ ಕಟ್ಟು ಕ್ರೇಟಿನ ಜಾಗ ಹಿಡಿಯಿತು. ಹಮಾಲನ ಭಾರ ಸ್ವಲ್ಪ ಇಳಿಯಿತು. ಆದರೆ ಖಾಲಿ ಬಾಟಲಿ ಕಾರ್ಖಾನೆಗೆ ಮರಳುವುದು ನಿಂತಿತು. ಈಗ ಅದನ್ನು ಚೀಲದಲ್ಲಿ ತುಂಬಿ ಹೊರುವವರು ಚಿಂದಿ ಆಯುವವರು.

2022ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ಲಾಸ್ಟಿಕ್ ಪ್ಯಾಕಿಂಗಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿ, ಗಟ್ಟಿ ಪ್ಲಾಸ್ಟಿಕ್ಕಿನ ಮರುಬಳಕೆಯನ್ನೂ ಕಂಪನಿಗಳ ಹೊಣೆಗೆ ಸೇರಿಸಿದೆ. ಬಾಟಲಿ ಮತ್ತೆ ಮರಳಿ ಬರುವ ಕಾಲ ಬಂದರೆ ಕ್ರೇಟೂ ಮರಳುತ್ತದೆ, ಉಪ್ಪಲ್‌ನಂಥ ಕಡೆ ಹೊಸ ಅಚ್ಚುಗಳು ಕೊರೆಯಲ್ಪಡುತ್ತವೆ. ಒಮ್ಮೆ ಕೊರೆದ ಉಕ್ಕು ವರ್ಷಾನುಗಟ್ಟಲೆ ಅದೇ ಆಕಾರವನ್ನು ಹೊಯ್ಯುತ್ತದೆ. ಹೊರುವವನನ್ನು ಕೇಳುವುದಿದ್ದರೆ ಅದಕ್ಕೆ ಮೊದಲೇ ಕೇಳಬೇಕು.